ಅಮ್ಮನ ದೊಡ್ಡ ರಕ್ತನಾಳದಲ್ಲಿ ಗಡ್ಡೆ, ಆಪರೇಷನ್ ಮಾಡಿಸೋದಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಸರ್. ಅಮ್ಮನಿಗೆ 58. ಆರು ತಿಂಗಳಿಂದ ಬಲ ಪಕ್ಕೆ ಕೆಳಗೆ ನೋವು. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಸಿದ್ದಾಯ್ತು. ಈಗ ಕಾಲು ಊದಿವೆ, ಒತ್ತಿದರೆ ಗುಳಿ ಬೀಳುತ್ತೆ. ಸ್ಕ್ಯಾನ್‌ನಲ್ಲಿ ಮೊದಲು ‘ರಕ್ತ ಹೆಪ್ಪುಗಟ್ಟಿದೆ’ ಅಂದ್ರು, ಬಯಾಪ್ಸಿಯಲ್ಲಿ ‘ಐವಿಸಿ ಲಿಯೋಮಯೋಸಾರ್ಕೋಮಾ’ ಅಂತ ಬಂತು. ಅಷ್ಟು ದೊಡ್ಡ ನಾಳ ಕತ್ತರಿಸಿದರೆ ಕಾಲಿನ ರಕ್ತ ಮೇಲಕ್ಕೆ ಬರೋದು ಹೇಗೆ?

ಉತ್ತರ: ಐವಿಸಿ ಅಂದ್ರೆ ಕಾಲು, ಹೊಟ್ಟೆಯ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳ. ಗಡ್ಡೆ ನಿಧಾನವಾಗಿ ಬೆಳೆದು ನಾಳವನ್ನು ಕಟ್ಟುತ್ತಾ ಬಂದಿದ್ದರೆ, ರಕ್ತ ಆಗಲೇ ಬೇರೆ ದಾರಿ ಹುಡುಕಿಕೊಂಡಿರುತ್ತೆ. ದೊಡ್ಡ ಕಾಲುವೆ ಹೂಳು ತುಂಬಿದಾಗ ನೀರು ಪಕ್ಕದ ಸಣ್ಣ ಕಾಲುವೆ ಹಿಡಿಯಲ್ವಾ, ಹಾಗೆ. ಅಂಥವರಲ್ಲಿ ಕೆಲವೊಮ್ಮೆ ನಾಳವನ್ನು ಕತ್ತರಿಸಿ ತುದಿ ಕಟ್ಟಿ ಬಿಟ್ಟರೂ ನಡೆಯುತ್ತೆ. ಇಲ್ಲದಿದ್ದರೆ ತೆಗೆದಷ್ಟು ಉದ್ದಕ್ಕೆ ಪಿಟಿಎಫ್‌ಇ ಅನ್ನೋ ಕೃತಕ ನಾಳ ಹೊಲಿಯುತ್ತಾರೆ. ಹೊಟ್ಟೆಯ ಒತ್ತಡಕ್ಕೆ ಚಪ್ಪಟೆಯಾಗದಿರಲಿ ಅಂತ ಅದರ ಸುತ್ತ ಬಳೆ ಬಳೆಯಾಗಿ ಉಂಗುರಗಳಿರುತ್ತವೆ.

ಲಿಯೋಮಯೋಸಾರ್ಕೋಮಾ ಅಂದ್ರೆ ನಾಳದ ಗೋಡೆಯ ಸ್ನಾಯುವಿನಲ್ಲೇ ಹುಟ್ಟುವ ಕ್ಯಾನ್ಸರ್. 1871ರಲ್ಲೇ ಮೊದಲ ವರದಿ ಬಂದಿದ್ದರೂ ಇವತ್ತಿಗೂ ಅಪರೂಪ, ಹೆಂಗಸರಲ್ಲಿ ಹೆಚ್ಚು. ರಕ್ತ ತೆಳು ಮಾಡುವ ಮಾತ್ರೆಗೆ ಇದು ಕರಗಲ್ಲ.

ಪ್ರಶ್ನೆ: ಕಿಡ್ನಿ ನಾಳ ಸೇರುವ ಜಾಗದಲ್ಲಿದೆಯಂತೆ. ಕಿಡ್ನಿ ಹೋಗುತ್ತಾ?

ಉತ್ತರ: ಬಲಗಡೆಯದು ಹೋಗಬಹುದು. ಎಡ ಕಿಡ್ನಿಯ ನಾಳಕ್ಕೆ ಅಂಡಾಶಯ, ಅಡ್ರಿನಲ್ (ಕಿಡ್ನಿ ಮೇಲಿನ ಗ್ರಂಥಿ) ಕಡೆಯ ಕವಲುಗಳು ಕೂಡಿಕೊಂಡಿರುತ್ತವೆ. ಬುಡದಲ್ಲಿ ಕತ್ತರಿಸಿದರೂ ಆ ದಾರಿಯಲ್ಲಿ ರಕ್ತ ಹೊರಗೆ ಹೋಗಬಲ್ಲದು. ಬಲಕ್ಕೆ ಆ ಅನುಕೂಲ ಇಲ್ಲ. ನೀವು ಹೇಳಿದ ಜಾಗ ಈ ಗಡ್ಡೆಗೆ ಮಾಮೂಲಿ ಜಾಗವೇ. ಇನ್ನೂ ಮೇಲೆ, ಲಿವರ್ ನಾಳಗಳನ್ನು ದಾಟಿ ಹೃದಯದ ಹತ್ತಿರ ಇದ್ದಿದ್ದರೆ ಕಷ್ಟ ಬೇರೆಯೇ ಇರ್ತಿತ್ತು.

ಪ್ರಶ್ನೆ: ಕತ್ತಿ ತಾಗಿದರೆ ಹರಡುತ್ತೆ, ಕೀಮೋ ಸಾಕು ಅಂತಾರೆ ಚಿಕ್ಕಪ್ಪ.

ಉತ್ತರ: ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಇದಕ್ಕೆ ಗುಣದ ಆಸೆ ಇರೋದು ಅಂಚೂ ಉಳಿಯದಂತೆ ಇಡಿಯಾಗಿ ತೆಗೆದಾಗಲೇ. ಕೀಮೋ, ರೇಡಿಯೇಷನ್ ಜೊತೆಗೆ ಬರಬಹುದು, ಬದಲಿಗಲ್ಲ. ಸಕ್ಕರೆ ಹಚ್ಚಿ ಹೇಳಲ್ಲ: ಪೂರ್ತಿ ತೆಗೆದ ಮೇಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮರಳುತ್ತೆ, ಶ್ವಾಸಕೋಶ, ಲಿವರ್‌ಗೂ ಹೋಗುತ್ತೆ. ಅದಕ್ಕೇ ಮೊದಲ ಎರಡು ಮೂರು ವರ್ಷ ಸ್ಕ್ಯಾನ್ ತಪ್ಪಿಸಬಾರದು. ಕ್ಯಾನ್ಸರ್ ಸರ್ಜನ್, ರಕ್ತನಾಳದ ಸರ್ಜನ್ ಇಬ್ಬರೂ ಒಂದೇ ಟೇಬಲ್‌ಗೆ ನಿಲ್ಲುವ ದೊಡ್ಡ ಕೇಂದ್ರಕ್ಕೇ ಹೋಗಿ. ‘ಇಂಥದ್ದು ಎಷ್ಟು ಮಾಡಿದ್ದೀರಿ’ ಅಂತ ಕೇಳಲು ಸಂಕೋಚ ಬೇಡ, ನನ್ನನ್ನೂ ಕೇಳ್ತಾರೆ.

ಪ್ರಶ್ನೆ: ಅಲ್ಲಿಯವರೆಗೆ ಕಾಲಿನ ಊತಕ್ಕೆ?

ಉತ್ತರ: ಮಲಗುವಾಗ ಕಾಲ ಕೆಳಗೆ ಎರಡು ದಿಂಬು. ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಇಲ್ಲಿ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.