ಸಾಲ ಅರ್ಧ ಮಾಡಿಸ್ತೀವಿ ಅನ್ನೋ ವೆಬ್‌ಸೈಟ್ ನಂಬಬಹುದಾ?

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಸಾಲ ಅರ್ಧಕ್ಕೆ ಇಳಿಸ್ತಾರಂತೆ. ಮೊದಲೇ ಫೀಸ್ ಕಟ್ಟಬೇಕು, ಆಮೇಲೆ ಕಂತು ನಿಲ್ಲಿಸಿ, ಬ್ಯಾಂಕಿನವರ ಫೋನ್ ಎತ್ತಬೇಡಿ ಅಂತಾರೆ. ಇದು ಅಸಲಿನಾ?

ಉತ್ತರ 1: ಕೆಲಸ ಆಗೋ ಮುಂಚೆನೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಕಂತು ನಿಲ್ಲಿಸಿದರೆ ಬಡ್ಡಿ, ದಂಡ ಎರಡೂ ಏರುತ್ತವೆ, ಬ್ಯಾಂಕ್ ಕೋರ್ಟಿಗೂ ಹೋಗಬಹುದು, ಆಗ ಈ ಪುಣ್ಯಾತ್ಮರು ಬರ್ತಾರಾ?

ಉತ್ತರ 2: ಡೊಮೇನ್ (ಸೈಟಿನ ವೆಬ್ ವಿಳಾಸ) ಯಾವಾಗ ನೋಂದಣಿ ಆಗಿದೆ ನೋಡಿ. ‘ಹತ್ತು ವರ್ಷದ ಅನುಭವ’ ಅಂತಾರೆ, ಸೈಟ್ ಮಾತ್ರ ಮೊನ್ನೆ ಮೊನ್ನೆಯದು! ವಿಳಾಸದ ಪಕ್ಕದ ಬೀಗದ ಗುರುತು ನೋಡಿ ಮರುಳಾಗಬೇಡಿ, ಅದು ಕಳ್ಳರ ಸೈಟಿಗೂ ಸಿಗುತ್ತೆ.

ಉತ್ತರ 3: ಸುಮ್ನೆ ಮಧ್ಯವರ್ತಿ ಯಾಕೆ? ಬ್ಯಾಂಕನ್ನೇ ಕೇಳಿ. ಕಡಿಮೆಗೆ ಒಪ್ಪಿದರೆ ಪತ್ರ ಬರೆಸಿಕೊಂಡೇ ಕಟ್ಟಿ. ಆದರೆ ನಿಮ್ಮ ಸಾಲದ ಇತಿಹಾಸ ತೋರಿಸೋ ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ಕಡಿಮೆಗೆ ಮುಗಿಸಿದ್ದು) ಅಂತ ಬಿದ್ದರೆ ಮುಂದೆ ಸಾಲ ಸಿಗೋದು ಕಷ್ಟ.