ಪದಚರ್ಚೆ: ಇಂಪಾರ್ಶಿಯಾಲಿಟಿಗೂ ವಸ್ತುನಿಷ್ಠತೆಯೇ? (ತುರ್ತು)

ಮಿತ್ರರೇ,
ಬ್ರಿಟನ್, ಅಮೆರಿಕ, ಜರ್ಮನಿ, ಇಟಲಿಗಳ ಸುದ್ದಿಮಾಧ್ಯಮಗಳನ್ನು ಹೋಲಿಸುವ ನಾಲ್ಕು ಪ್ರದರ್ಶನ ಫಲಕಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಆಬ್ಜೆಕ್ಟಿವಿಟಿ, ಡ್ಯೂ ಇಂಪಾರ್ಶಿಯಾಲಿಟಿ, ಫೇರ್‌ನೆಸ್ ಡಾಕ್ಟ್ರಿನ್, ಜರ್ಮನರ 'ಊಬರ್‌ಪಾರ್ಟೈಲಿಶ್' ಎಲ್ಲಕ್ಕೂ ಕರಡಿನಲ್ಲಿ 'ವಸ್ತುನಿಷ್ಠ' ಎಂದೇ ಇದೆ. ಇಟಲಿಯ 'ಲೊತ್ತಿತ್ಸಾತ್ಸಿಯೋನೆ' ಖಾಲಿ ಬಿಟ್ಟಿದ್ದಾರೆ. ಶೀರ್ಷಿಕೆಗೆ ಎರಡು ಪದದ ಜಾಗವಷ್ಟೇ ಇದೆ.

ಮರು:
> ಎಲ್ಲಕ್ಕೂ ಕರಡಿನಲ್ಲಿ 'ವಸ್ತುನಿಷ್ಠ'

ಹಾಗೆ ಅಚ್ಚಾದರೆ ಬ್ರಿಟನ್ನಿನ ಫಲಕವೇ ಸುಳ್ಳು. ಅಲ್ಲಿನ 2003ರ ಸಂಪರ್ಕ ಕಾಯ್ದೆ ಟಿವಿ, ರೇಡಿಯೊಗಳಿಂದ ಬಯಸುವುದು ಇಂಪಾರ್ಶಿಯಾಲಿಟಿ, ಅಂದರೆ ನಿಷ್ಪಕ್ಷಪಾತ. ಪತ್ರಿಕೆಗಳಿಗೆ ಆ ಕಟ್ಟಿಲ್ಲ. ಚುನಾವಣೆ ಬಂದರೆ ಇಂಥ ಪಕ್ಷಕ್ಕೇ ಮತ ಹಾಕಿ ಎಂದು ಸಂಪಾದಕೀಯ ಬರೆಯುತ್ತವೆ. ವಸ್ತುನಿಷ್ಠತೆ ವರದಿಗಾರನಿಗೂ ಸಂಗತಿಗೂ ಇರುವ ನಂಟು. ನಿಷ್ಪಕ್ಷಪಾತ ಅವನಿಗೂ ವಾದಿ-ಪ್ರತಿವಾದಿಗಳಿಗೂ ಇರುವ ನಂಟು. ಒಬ್ಬನ ಸುಳ್ಳಿಗೂ ಇನ್ನೊಬ್ಬನ ನಿಜಕ್ಕೂ ಐದೈದು ನಿಮಿಷ ಕೊಟ್ಟರೆ ನಿಷ್ಪಕ್ಷಪಾತ ಉಳಿದಂತೆ ಕಾಣುತ್ತದೆ, ವಸ್ತುನಿಷ್ಠತೆ ಸತ್ತಿರುತ್ತದೆ. 'ತಟಸ್ಥತೆ' ಬೇಡವೇ ಬೇಡ. ದಡದಲ್ಲಿ ನಿಂತವನು ತಟಸ್ಥ. ಪ್ರಜಾಪ್ರಭುತ್ವದ ಮೂಲತತ್ವಗಳಿಂದಲೂ ದೂರ ನಿಲ್ಲಬೇಕಿಲ್ಲ ಎಂದು ಬಿಬಿಸಿಯ ಸಂಪಾದಕೀಯ ಮಾರ್ಗಸೂಚಿಯೇ ಹೇಳುತ್ತದೆ. 'ಡ್ಯೂ'ಗೆ 'ಯಥೋಚಿತ' ಹಾಕಿ.

ಮರು:
'ಯಥೋಚಿತ' ಅರ್ಧ ಪದ. ನಿಯಂತ್ರಕ ಸಂಸ್ಥೆ ಆಫ್‌ಕಾಮ್ ತನ್ನ ಸಂಹಿತೆಯಲ್ಲಿ 'ಡ್ಯೂ' ಎಂದರೆ ಸಾಕಾಗುವಷ್ಟು, ಅಥವಾ ವಿಷಯಕ್ಕೂ ಕಾರ್ಯಕ್ರಮದ ಸ್ವರೂಪಕ್ಕೂ ಒಪ್ಪುವಂಥದ್ದು ಎಂದಿದೆ. ಪ್ರತಿ ವಾದಕ್ಕೂ ಸಮಪಾಲು ಎಂದಲ್ಲ ಅಂತಲೂ ಬಿಡಿಸಿ ಹೇಳಿದೆ. ಎರಡೂ ಅರ್ಥ ಹೊರುವ ಪದ ಅಚ್ಚಗನ್ನಡದಲ್ಲೇ ಇದೆ: ತಕ್ಕ. ತಕ್ಕಷ್ಟು, ತಕ್ಕಂತೆ. 'ತಕ್ಕ ನಿಷ್ಪಕ್ಷಪಾತ'. ಎರಡು ಪದ, ಮುಗಿಯಿತು.

ಮರು:
'ತಕ್ಕ' ಸರಿ, ಅದರ ಬೆನ್ನಿಗೆ ಮತ್ತೆ ಸಂಸ್ಕ್ರುತದ ಬಾಲ ಯಾಕೆ? 'ಓರೆಯಿಲ್ಲದ ಸುದ್ದಿ' ಅನ್ನಿ. ಓರೆ ಇಲ್ಲದಿರುವುದು ಇಂಪಾರ್ಶಿಯಾಲಿಟಿ, ಒರೆಗೆ ಹಚ್ಚುವುದು ಆಬ್ಜೆಕ್ಟಿವಿಟಿ. 1920ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅರಿಮೆಯ (ವಿಜ್ಞಾನದ) ಬಗೆಯನ್ನು ಸುದ್ದಿಮನೆಗೆ ತರಬೇಕು ಎಂದದ್ದೂ ಈ ಒರೆಗಾಗಿಯೇ. ಸಾಲದ ಪದಗಳಿಲ್ಲದೆಯೂ ಕನ್ನಡ ಬದುಕುತ್ತದೆ.

ಮರು:
> ಸಾಲದ ಪದಗಳಿಲ್ಲದೆಯೂ

ನಿಮ್ಮ 'ಸುದ್ದಿ'ಯೇ 'ಶುದ್ಧಿ'ಯ ತದ್ಭವ, ಕಿಟ್ಟೆಲ್ ನಿಘಂಟು ತೆರೆದು ನೋಡಿ. ಸಾಲ ತೀರಿಸುವ ಹಟವಿದ್ದರೆ ಮೊದಲು ಅದನ್ನು ವಾಪಸ್ ಮಾಡಿ. ಓರೆ-ಒರೆ ಜೋಡಿ ಕಿವಿಗೆ ಚೆನ್ನ, ಫಲಕಕ್ಕೆ ಅಪಾಯ: ಅಚ್ಚಿನವನು 'ಒ'ಗೆ 'ಓ' ಹಾಕಿದರೆ ಅರ್ಥ ತಲೆಕೆಳಗು.

ಜರ್ಮನಿಯದು ಸುಲಭ. ಊಬರ್ ಅಂದರೆ ಅತೀತ, ಪಾರ್ಟೈ ಅಂದರೆ ಪಕ್ಷ: 'ಪಕ್ಷಾತೀತ'. ಇದನ್ನು 'ನಿಷ್ಪಕ್ಷಪಾತ' ಮಾಡಬೇಡಿ. ಯಾವ ಪಕ್ಷದ ಅಂಕೆಯಲ್ಲೂ ಇಲ್ಲ ಎಂದಷ್ಟೇ ಆ ಪತ್ರಿಕೆಗಳ ಮಾತು. ಎಡ-ಬಲದ ಒಲವು ಧಾರಾಳವಾಗಿ ಇರುತ್ತದೆ.

ಅಮೆರಿಕದ್ದಕ್ಕೆ 'ಸಮಪಾಲು ನಿಯಮ' ಎಂದೀರಿ ಜೋಕೆ. ಅಭ್ಯರ್ಥಿಗಳಿಗೆ ಸಮಾನ ಅವಕಾಶ ಕೊಡುವುದು ಬೇರೆಯೇ ನಿಯಮ. 1949ರಿಂದ 1987ರವರೆಗೆ ಇದ್ದ ಫೇರ್‌ನೆಸ್ ಡಾಕ್ಟ್ರಿನ್ ಪ್ರಸಾರಕರಿಗೆ ಹೇಳಿದ್ದು ಎರಡೇ: ವಿವಾದದ ಸಾರ್ವಜನಿಕ ವಿಷಯ ಎತ್ತಿಕೊಳ್ಳಿ, ಎದುರು ವಾದವನ್ನೂ ಕೇಳಿಸಿ. 'ನ್ಯಾಯಸಮ್ಮತ ಪ್ರಸಾರನೀತಿ' ಸಾಕು. 'ವಸ್ತುನಿಷ್ಠತೆ'ಯನ್ನು ಆಬ್ಜೆಕ್ಟಿವಿಟಿಗೇ ಉಳಿಸಿ. ಅಲ್ಲಿನ ವೃತ್ತಿಪರ ಪತ್ರಕರ್ತರ ಸಂಘ 1996ರಲ್ಲಿ ತನ್ನ ನೀತಿಸಂಹಿತೆಯಿಂದ ಆ ಪದವನ್ನೇ ಕಿತ್ತುಹಾಕಿತು. ಎಲ್ಲಕ್ಕೂ ಒಂದೇ ಪದ ಬಳಸಿದರೆ ಈ ಸಾಲು ಬರೆಯಲಿಕ್ಕೇ ಬರುವುದಿಲ್ಲ.

ಮರು:
ಇಟಲಿಯನ್ನು ಎಲ್ಲರೂ ದಾಟಿ ಹೋದಿರಿ. 'ಲೊತ್ತೊ' ಅಂದರೆ ನಿವೇಶನ, ಜಮೀನಿನ ತುಂಡು. ಸರ್ಕಾರಿ ಪ್ರಸಾರ ಸಂಸ್ಥೆ ರಾಯ್‌ನಲ್ಲಿ ಮೊದಲ ವಾಹಿನಿ ಕ್ರಿಶ್ಚಿಯನ್ ಡೆಮಾಕ್ರಟರಿಗೆ, ಎರಡನೆಯದು ಸೋಷಲಿಸ್ಟರಿಗೆ, 1979ರಲ್ಲಿ ಶುರುವಾದ ಮೂರನೆಯದು ಮುಂದೆ ಕಮ್ಯುನಿಸ್ಟರಿಗೆ ಎಂದು ಹಂಚಿಹೋಯಿತು. ಒಂದು ಸರ್ವೆ ನಂಬರನ್ನು ಅಣ್ಣತಮ್ಮಂದಿರಿಗೆ ಒಡೆದು ಕೊಡುವುದಕ್ಕೆ ನಮ್ಮ ಕಂದಾಯ ಕಚೇರಿಯಲ್ಲಿ ಏನೆನ್ನುತ್ತಾರೆ? ಪೋಡಿ. 'ವಾಹಿನಿಗಳ ಪೋಡಿ' ಹಾಕಿ. ಇಷ್ಟು ಹೊಂದುವ ಪದ ಇಂಗ್ಲಿಷಿನಲ್ಲೂ ಇಲ್ಲ.

ಮರು:
ಫಲಕ ಮಂಗಳೂರಿಗೂ ಬರುವುದಾದರೆ ಬೇಡ. ಅಲ್ಲಿ ಪೋಡಿ ಅಂದರೆ ಬಜ್ಜಿ. 'ವಾಹಿನಿಗಳ ಹಿಸ್ಸೆ' ಎನ್ನಿ.

ಮರು:
ಹಿಸ್ಸೆ ಅರಬ್ಬಿ. 'ಪಾಲು' ಸತ್ತಿದೆಯೇ?

ಮರು:
ಪಾಲು ಬೇಡ, ಅದು ಪಾಲುದಾರಿಕೆಯ ಕಡೆಗೆ ಎಳೆಯುತ್ತದೆ. ಫಲಕ ಮಂಗಳೂರಿಗೂ ಹೋಗುತ್ತದೆ, ಆದ್ದರಿಂದ 'ವಾಹಿನಿಗಳ ಹಿಸ್ಸೆ' ಎಂದು ಶೀರ್ಷಿಕೆ, ಕೆಳಗಿನ ವಿವರಣೆಯಲ್ಲಿ 'ಜಮೀನು ಪೋಡಿ ಮಾಡಿದಂತೆ'. ಬ್ರಿಟನ್ನಿಗೆ 'ತಕ್ಕ ನಿಷ್ಪಕ್ಷಪಾತ'. ಹತ್ತು ಗಂಟೆಗೆ ಕಳಿಸುತ್ತಿದ್ದೇನೆ. ಕಿಟ್ಟೆಲ್ ಜಗಳ ಬೇರೆ ಎಳೆಯಲ್ಲಿ ಮುಂದುವರಿಸಿ.