ತಮ್ಮನ ಅಮೆರಿಕದ ಪೌರತ್ವದ ಅರ್ಜಿ, ಧಾರವಾಡದಲ್ಲಿ ಅವ್ವನ ಶಸ್ತ್ರಚಿಕಿತ್ಸೆ: ಯಾವ ಹಂತದಲ್ಲಿ ಬಂದು ಹೋಗುವುದು ಒಳ್ಳೆಯದು?

ಪ್ರಶ್ನೆ: ಮಾಳಮಡ್ಡಿ ಅಕ್ಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ 2008ರಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಮೆರಿಕಕ್ಕೆ ಹೋದವನು ಈಗ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸಮೀಪದಲ್ಲಿದ್ದಾನೆ. ಭಾರತದಲ್ಲಿ ಹುಟ್ಟಿದವರು ಅಲ್ಲಿ ಕಾಯಂ ವಾಸಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಾಗಿ ಎಷ್ಟು ವರ್ಷ ಸರದಿಯಲ್ಲಿ ನಿಲ್ಲಬೇಕೆಂಬುದು ಇಲ್ಲಿ ಅನೇಕರಿಗೆ ತಿಳಿದೇ ಇದೆ. ಅವನಿಗೆ ಕಾರ್ಡ್ ಬಂದದ್ದು 2021ರ ಮಾರ್ಚ್‌ನಲ್ಲಿ. ಕಾರ್ಡ್ ಬಂದು ಐದು ವರ್ಷವಾದರೆ ಪೌರತ್ವ ಕೇಳಬಹುದು; ಆ ಐದು ವರ್ಷ ತುಂಬುವುದಕ್ಕೆ 90 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿರುವುದರಿಂದ, ಕಳೆದ ಡಿಸೆಂಬರ್‌ನಲ್ಲಿ 710 ಡಾಲರ್ ಶುಲ್ಕ ತುಂಬಿ ಪೌರತ್ವ ಕೋರುವ ಎನ್-400 ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದ. ಜನವರಿಯಲ್ಲಿ ಬೆರಳಚ್ಚು ಕೊಟ್ಟು ಬಂದ. ಅಲ್ಲಿಂದ ಇಲ್ಲಿಯವರೆಗೆ ಅವನ ಖಾತೆಯಲ್ಲಿ ಕಾಣುವುದು "ಅರ್ಜಿಯ ಪರಿಶೀಲನೆ ನಡೆದಿದೆ" ಎಂಬ ಅರ್ಥದ ಒಂದೇ ಸಾಲು.

ನಮ್ಮ ಅವ್ವನಿಗೆ ಈಗ 79 ವರ್ಷ. ಹೃದಯದ ಕವಾಟದ ತೊಂದರೆಯಿದ್ದು, ಮಳೆಗಾಲ ಹಿಡಿಯುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದಾರೆ. ತಮ್ಮ ಬರುತ್ತೇನೆ ಎನ್ನುತ್ತಾನೆ, ಆದರೆ ತಾನು ಇಲ್ಲಿರುವಾಗಲೇ ಸಂದರ್ಶನದ ಪತ್ರ ಬಂದರೆ ಹದಿನೆಂಟು ವರ್ಷದ ಹಾದಿ ಕೊನೆಯ ಮೆಟ್ಟಿಲಲ್ಲಿ ಕೆಟ್ಟೀತೆಂದು ಹೆದರುತ್ತಾನೆ. ಪೌರತ್ವ ಕೈಗೆ ಬಂದ ಮೇಲೆ ನಿಶ್ಚಿಂತೆಯಿಂದ ಎರಡು ತಿಂಗಳ ರಜೆ ಹಾಕಿ ಬರುವುದೇ ಲೇಸೆಂದು ಅವನ ಗೆಳೆಯರು ಹೇಳುತ್ತಿದ್ದಾರಂತೆ. ಅವ್ವ ಮಾತ್ರ ಏನನ್ನೂ ಕೇಳುವುದಿಲ್ಲ. ಪ್ರತಿ ರವಿವಾರ ಸಂಜೆ ವಿಡಿಯೋ ಕರೆಯಲ್ಲಿ ನಾನು ಅವನಿಗೆ ಸಂದರ್ಶನದಲ್ಲಿ ನಡೆಯುವ ನಾಗರಿಕ ಪರೀಕ್ಷೆಯ ಪ್ರಶ್ನೆಗಳನ್ನು ಓದಿ ಹೇಳುತ್ತೇನೆ, ಅವನು ಉತ್ತರಿಸುತ್ತಾನೆ. ಅವ್ವ ಪಡಸಾಲೆಯ ಮಂಚದ ಮೇಲೆ ಕುಳಿತು ಅದನ್ನೆಲ್ಲ ಕೇಳುತ್ತಾಳೆ. ಕಳೆದ ವಾರ ಅವನು ಅಲ್ಲಿಯ ಕೆಳಮನೆಯ ಸದಸ್ಯರ ಸಂಖ್ಯೆಯನ್ನು ನೆನಪಿಸಿಕೊಳ್ಳುತ್ತಿರುವಾಗ ಅವ್ವನೇ "ನಾಕನೂರಾ ಮೂವತ್ತೈದು" ಎಂದಳು. ಅವಳು ಎಷ್ಟು ಮನಸ್ಸಿಟ್ಟು ಈ ಕಾಗದದ ಹಾದಿ ಕಾಯುತ್ತಿದ್ದಾಳೆಂಬುದು ನನಗೆ ತಿಳಿದದ್ದು ಆಗಲೇ.

ಅರ್ಜಿ ಬಾಕಿ ಇರುವಾಗ ಅವನು ಬಂದು ಹೋಗಬಹುದೇ, ಅಥವಾ ಪೌರತ್ವ ಕೊಡುವ ಪ್ರಮಾಣವಚನ ಮುಗಿಯುವವರೆಗೆ ಕಾಯಬೇಕೇ? ಇನ್ನೊಂದು ಮಾತು: ನವಲಗುಂದ ತಾಲ್ಲೂಕಿನಲ್ಲಿ ಅವ್ವನ ಹೆಸರಿನಲ್ಲಿ ಎಂಟು ಎಕರೆ ಎರೆಹೊಲ ಇದೆ. ಅವನು ಅಮೆರಿಕದ ಪ್ರಜೆಯಾದ ದಿನವೇ ಅದರಲ್ಲಿ ಅವನ ಪಾಲು ಹೋಗುತ್ತದೆ ಎಂದು ಸಂಬಂಧಿಕರೊಬ್ಬರು ಹೇಳಿ ಅವ್ವನಿಗೆ ಚಿಂತೆ ಹಚ್ಚಿದ್ದಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ವಿದ್ಯಾನಗರದವ, ಈಗ ನ್ಯೂಜೆರ್ಸಿ

ಅಕ್ಕಾವರೇ, ನಾನು ಹುಬ್ಬಳ್ಳಿಯವನು. ಇದೇ ಹಾದಿಯನ್ನು 2023ರಲ್ಲಿ ಮುಗಿಸಿದ್ದೇನೆ. ಮೊದಲು ತಮ್ಮ ಮನಸ್ಸಿನ ಭಾರ ಇಳಿಸುವ ಮಾತು ಹೇಳುತ್ತೇನೆ: ಎನ್-400 ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟು ಹೋಗಿ ಬರಲು ಯಾವ ಅಡ್ಡಿಯೂ ಇಲ್ಲ. ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಚಾಲ್ತಿಯಲ್ಲಿದ್ದರೆ ಸಾಕು. ಕಾನೂನು ನೋಡುವುದು ವಾಸದ ಲೆಕ್ಕವನ್ನು. ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ ಒಟ್ಟು 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕು, ಮತ್ತು ವಾಸ ಎಲ್ಲಿಯೂ ತುಂಡಾಗಿರಬಾರದು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ತುಂಡಾಯಿತೆಂದು ಅಧಿಕಾರಿಗಳು ಭಾವಿಸುತ್ತಾರೆ, ಹಾಗಾಗಿಲ್ಲವೆಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಒಂದು ವರ್ಷ ದಾಟಿದರೆ ತುಂಡಾದಂತೆಯೇ. ಈ ನಿಯಮ ಅರ್ಜಿ ಹಾಕಿದ ದಿನಕ್ಕೆ ನಿಲ್ಲದೆ ಪ್ರಮಾಣವಚನದ ದಿನದವರೆಗೂ ನಡೆಯುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ಆದರೆ ತಮ್ಮ ಸಹೋದರ ಮೂರು ವಾರಕ್ಕೋ ಒಂದು ತಿಂಗಳಿಗೋ ಬಂದು ಹೋದರೆ ಇದಾವುದೂ ಅವರನ್ನು ಮುಟ್ಟುವುದಿಲ್ಲ.

ಸಂದರ್ಶನದ ಪತ್ರ ಕೆಲವು ವಾರ ಮುಂಚಿತವಾಗಿ ಬರುತ್ತದೆ, ಆನ್‌ಲೈನ್ ಖಾತೆಯಲ್ಲಿಯೂ ಕಾಣುತ್ತದೆ. ಆದ್ದರಿಂದ ಅವರು ಮಾಳಮಡ್ಡಿಯಲ್ಲಿ ಕುಳಿತೇ ದಿನಕ್ಕೊಮ್ಮೆ ನೋಡಿಕೊಳ್ಳಬಹುದು. ದಿನಾಂಕ ಹೊಂದದಿದ್ದರೆ ಕಾರಣ ಬರೆದು ಮುಂದಕ್ಕೆ ಹಾಕಲು ಕೋರಬಹುದು; ಕೆಲವು ತಿಂಗಳು ತಡವಾದೀತು, ಅರ್ಜಿ ಸಾಯುವುದಿಲ್ಲ. ಹೇಳದೆ ಕೇಳದೆ ಗೈರುಹಾಜರಾದರೆ ಮಾತ್ರ ಕಡತ ಮುಚ್ಚುತ್ತಾರೆ. ಹಾಗೆ ಮುಚ್ಚಿದ್ದನ್ನೂ ಒಂದು ವರ್ಷದೊಳಗೆ ಮತ್ತೆ ತೆರೆಯಿಸಲು ಅವಕಾಶ ಇದೆ. ಅವರು ಬೆರಳಚ್ಚು ಮುಗಿಸಿರುವುದರಿಂದ ಸದ್ಯ ಕಾಯುತ್ತಿರುವುದು ಆ ಒಂದು ಪತ್ರಕ್ಕಾಗಿ ಮಾತ್ರ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. 2025ರ ಅಕ್ಟೋಬರ್ 20ರಂದು ಮತ್ತು ಅದರ ನಂತರ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ನನ್ನ ಕಾಲದಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳಿ ಆರು ಸರಿಯಾದರೆ ಮುಗಿಯುತ್ತಿತ್ತು. ಈಗ 128 ಪ್ರಶ್ನೆಗಳ ಪಟ್ಟಿಯಿಂದ ಇಪ್ಪತ್ತನ್ನು ಕೇಳುತ್ತಾರೆ, ಹನ್ನೆರಡು ಸರಿಯಾಗಬೇಕು. ತಾವು ಓದಿಸುತ್ತಿರುವ ಪುಸ್ತಕ ಹಳೆಯದಲ್ಲವೆಂಬುದನ್ನು ನೋಡಿಕೊಳ್ಳಿರಿ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಉತ್ತರ: ಬೆಟಗೇರಿಯ ತಾಯಿ, ಗದಗ

ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದೇ ಹೆಚ್ಚು. ಆದರೆ "ಪೌರತ್ವ ಬಂದ ಮೇಲೆ ನಿಶ್ಚಿಂತೆಯಿಂದ ಬರುವುದು" ಎಂಬ ಮಾತನ್ನು ಓದಿ ಸುಮ್ಮನಿರಲು ಆಗಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿಯೂ ಹೀಗೆಯೇ ಎಣಿಸಿದ್ದೆವು.

ನನ್ನ ಹಿರಿಯ ಮಗ ಕೆಲವು ವರ್ಷಗಳ ಹಿಂದೆ ಅಲ್ಲಿ ಒಂದು ಬುಧವಾರ ಪ್ರಮಾಣವಚನ ತೆಗೆದುಕೊಂಡ. ಕೈಯಲ್ಲಿ ಸಣ್ಣ ಧ್ವಜ ಹಿಡಿದ ಅವನ ಫೋಟೋ ನೋಡಿ ಅವರ ಅಪ್ಪ ಓಣಿಗೆಲ್ಲ ಪೇಢಾ ಹಂಚಿದರು. ಮುಂದಿನ ಮಂಗಳವಾರ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಗನಿಗೆ ಫೋನ್ ಮಾಡಿದಾಗ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಗ್ರೀನ್ ಕಾರ್ಡನ್ನು ಪ್ರಮಾಣವಚನದ ದಿನವೇ ಅಲ್ಲಿ ಮರಳಿ ತೆಗೆದುಕೊಂಡಿದ್ದರು. ಪೌರತ್ವದ ಮೂಲ ಪ್ರಮಾಣಪತ್ರವನ್ನು ಅವನು ಅಮೆರಿಕದ ಪಾಸ್‌ಪೋರ್ಟ್‌ನ ಅರ್ಜಿಯೊಂದಿಗೆ ಎರಡೇ ದಿನದ ಹಿಂದೆ ಕಳುಹಿಸಿದ್ದ. ಅವನ ಮೇಜಿನ ಖಾನೆಯಲ್ಲಿ ಭಾರತದ ಪಾಸ್‌ಪೋರ್ಟ್ ಇತ್ತು, ಅದರ ಅವಧಿ ಇನ್ನೂ ನಾಲ್ಕು ವರ್ಷ ಉಳಿದಿತ್ತು, ಆದರೆ ಅದು ಇನ್ನು ಅವನದಾಗಿರಲಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಂತ ಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವನ ಭಾರತದ ಪೌರತ್ವ ಅಲ್ಲಿಗೇ ಮುಗಿಯುತ್ತದೆ. ಆ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು. ಅದರ ಮೇಲೆ ಪ್ರಯಾಣ ಮಾಡುವುದು ಅಪರಾಧ. "ಯಾರು ನೋಡುತ್ತಾರೆ, ಅದರ ಮೇಲೆಯೇ ಹೋಗಿಬಿಡು" ಎಂದು ಅವನಿಗೆ ಹೇಳಿದವರೂ ಇದ್ದರು. ಅವನು ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿಯೆಂದು ನಾನು ಇಂದಿಗೂ ಹೇಳುತ್ತೇನೆ.

ಆಸ್ಪತ್ರೆಯ ಪತ್ರ ತೋರಿಸಿ ತುರ್ತಾಗಿ ಅಲ್ಲಿಯ ಪಾಸ್‌ಪೋರ್ಟ್ ಮಾಡಿಸಿಕೊಂಡ, ನಂತರ ಭಾರತದ ಕಾನ್ಸುಲೇಟ್‌ನಲ್ಲಿ ತುರ್ತು ವೀಸಾ ಕೇಳಿದ. ಎಲ್ಲರೂ ಸಹಾಯವನ್ನೇ ಮಾಡಿದರು, ಯಾರ ಮೇಲೂ ನನ್ನ ದೂರಿಲ್ಲ. ಆದರೂ ಅವನು ಗದಗ ನಿಲ್ದಾಣದಲ್ಲಿ ಇಳಿಯುವಾಗ ಒಂಬತ್ತು ದಿನ ಆಗಿದ್ದವು. ಅವರು ಆರನೆಯ ದಿನವೇ ಹೋಗಿದ್ದರು. ಮಗನ ಕೈಯ ನೀರು ಅವರ ಬಾಯಿಗೆ ಬೀಳಲಿಲ್ಲ.

ತಂಗೀ, ಇದನ್ನು ಹೆದರಿಸಲು ಬರೆಯುತ್ತಿಲ್ಲ. ಪ್ರಮಾಣವಚನಕ್ಕಿಂತ ಮೊದಲು ಮಗನ ಕೈಯಲ್ಲಿ ಬರುವ ಕಾಗದವೂ ಇರುತ್ತದೆ, ಮರಳಿ ಹೋಗುವ ಕಾಗದವೂ ಇರುತ್ತದೆ. ಪ್ರಮಾಣವಚನದ ನಂತರ ಅಲ್ಲಿಯ ಪಾಸ್‌ಪೋರ್ಟ್ ಬಂದು, ಹಳೆಯದನ್ನು ಒಪ್ಪಿಸಿದ ಪ್ರಮಾಣಪತ್ರ ಸಿಕ್ಕು, ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದು ಹೋಗಲು ನಮ್ಮ ಸರ್ಕಾರ ಕೊಡುವ ಕಾರ್ಡ್) ಕೈಸೇರುವವರೆಗೆ ಎರಡೂ ಒಟ್ಟಿಗೆ ಇರುವುದಿಲ್ಲ. ನಡುವೆ ವೀಸಾ ಪಡೆದು ಬರಬಹುದು ನಿಜ, ಅದಕ್ಕೂ ದಿನ ಬೇಕು. ತಾಯಿಯ ಶಸ್ತ್ರಚಿಕಿತ್ಸೆಯ ದಿನ ಆ ನಡುವಿನ ದಿನಗಳಲ್ಲಿ ಬೀಳದಂತೆ ನೋಡಿಕೊಳ್ಳಿರಿ.

ಉತ್ತರ: ವಿದ್ಯಾನಗರದವ, ಈಗ ನ್ಯೂಜೆರ್ಸಿ

ಬೆಟಗೇರಿಯ ತಾಯಿಯವರು ಹೇಳಿದ್ದನ್ನು ನಾನು ಮೊದಲೇ ಬರೆಯಬೇಕಾಗಿತ್ತು. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಲವು ಕಚೇರಿಗಳಲ್ಲಿ ಸಂದರ್ಶನ ಮುಗಿದ ದಿನವೇ ಪ್ರಮಾಣವಚನವನ್ನೂ ಮಾಡಿಸಿಬಿಡುತ್ತಾರೆ. ಆ ಸಂತೋಷದಲ್ಲಿ ಯಾರೂ ಬೇಡವೆನ್ನುವುದಿಲ್ಲ. ತಾಯಿಯ ಚಿಕಿತ್ಸೆ ಇನ್ನೂ ಬಾಕಿ ಇದ್ದರೆ, ತಮ್ಮ ಸಹೋದರ ಮುಂದಿನ ದಿನಾಂಕ ಕೊಡಿರೆಂದು ಕೇಳಬಹುದು. ದಿನಾಂಕದ ಪತ್ರ ಬಂದ ಮೇಲೆ ಒಂದು ಸಲ ಕಾರಣ ಬರೆದು ಮುಂದಕ್ಕೆ ಹಾಕಿಸಿಕೊಳ್ಳುವುದರಲ್ಲಿ ತೊಂದರೆಯಿಲ್ಲ. ಸಕಾರಣವಿಲ್ಲದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿದರೆ ಮಾತ್ರ ಇವರಿಗೆ ಪೌರತ್ವ ಬೇಡವಾಗಿದೆಯೆಂದು ತಿಳಿಯುತ್ತಾರೆ. ಸಂದರ್ಶನದ ನಂತರ ದೇಶದ ಹೊರಗೆ ಹೋಗಿದ್ದರೆ ಪ್ರಮಾಣವಚನದ ದಿನ ತುಂಬಿಕೊಡುವ ನಮೂನೆಯಲ್ಲಿ ಅದನ್ನು ಮುಚ್ಚಿಡದೆ ಬರೆಯಬೇಕು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಕೇಶ್ವಾಪುರ, ಹುಬ್ಬಳ್ಳಿ

ಹೊಲದ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ಸಂಬಂಧಿಕರು ಹೇಳಿದ್ದು ತಪ್ಪು. ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಹೊರದೇಶದಲ್ಲಿ ನೆಲೆಸಿದ ಭಾರತೀಯನಾಗಲಿ ಒಸಿಐ ಕಾರ್ಡ್ ಉಳ್ಳವನಾಗಲಿ ಕೃಷಿ ಭೂಮಿಯನ್ನು ಖರೀದಿಸುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ; ಆದರೆ ಭಾರತದಲ್ಲಿ ವಾಸವಾಗಿರುವ ತಾಯಿಯಿಂದ ವಾರಸಾ ಹಕ್ಕಿನಲ್ಲಿ ಬರುವುದಕ್ಕೆ ಅಡ್ಡಿ ಇಲ್ಲ. ಗಮನಿಸಿರಿ, ಖರೀದಿಗೂ ದಾನಕ್ಕೂ ಇರುವ ಈ ನಿರ್ಬಂಧ ತಮ್ಮ ತಮ್ಮನಿಗೆ ಇಂದೂ ಇದೆ, ಏಕೆಂದರೆ ಅವರು ಈಗಾಗಲೇ ಅನಿವಾಸಿ. ಪೌರತ್ವ ಬದಲಾಗುವುದರಿಂದ ಈ ಹೊಲದ ಮಟ್ಟಿಗೆ ಅವರು ಹೊಸದಾಗಿ ಕಳೆದುಕೊಳ್ಳುವುದು ಏನೂ ಇಲ್ಲ, ಒಸಿಐ ಕಾರ್ಡನ್ನು ತಪ್ಪದೆ ಮಾಡಿಸಿಕೊಂಡಿರಬೇಕು ಅಷ್ಟೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ಸುದ್ದಿ ಕೇಳಿ ಗಾಬರಿಯಾದ ಹಿರಿಯರು, ಮಗ ಪರದೇಶದವನಾಗುವುದರೊಳಗೆ ಅವನ ಹೆಸರಿಗೆ ಮಾಡಿಬಿಡೋಣವೆಂದು ಅವಸರದಲ್ಲಿ ದಾನಪತ್ರ ಬರೆಸುವುದನ್ನು ನಾನು ಕಂಡಿದ್ದೇನೆ. ಇದ್ದ ಹಕ್ಕಿಗೆ ತೊಡಕು ಬರುವುದು ಹಾಗೆ ಮಾಡಿದಾಗಲೇ. ಉತಾರದಲ್ಲಿ (ಪಹಣಿಯಲ್ಲಿ) ತಾಯಿಯವರ ಹೆಸರು ಇದ್ದಂತೆಯೇ ಇರಲಿ. ಮೃತ್ಯುಪತ್ರ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೂ ಮಗಳಾದ ತಮಗೂ ಸಮಪಾಲು. ಮುಂದೆ ತಮ್ಮ ಸಹೋದರ ತನಗೆ ಬಂದ ಪಾಲನ್ನು ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು.

ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇದ್ದರೆ, ಪ್ರಮಾಣವಚನದ ನಂತರ ತೆಗೆಸಿಬಿಡಿರಿ.

ಮರುಉತ್ತರ: ಮಾಳಮಡ್ಡಿ ಅಕ್ಕ, ಧಾರವಾಡ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಟಗೇರಿಯ ತಾಯಿಯವರೇ, ತಾವು ಬರೆದದ್ದನ್ನು ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವನು "ಸಾಕು ಅಕ್ಕಾ, ನಾನು ಬರತೇನಿ" ಎಂದ. ಈ ತಿಂಗಳ ಕೊನೆಗೆ ನಾಲ್ಕು ವಾರದ ಮಟ್ಟಿಗೆ ಬರುತ್ತಿದ್ದಾನೆ. ಹೋಗಿ ಬರುವ ಎರಡೂ ಟಿಕೆಟ್ ತೆಗೆದು ನನಗೆ ಕಳುಹಿಸಿದ್ದಾನೆ. ವೈದ್ಯರನ್ನು ಕಂಡು ಶಸ್ತ್ರಚಿಕಿತ್ಸೆಯ ದಿನವನ್ನು ಅವನು ಬಂದ ಮೂರನೆಯ ದಿನಕ್ಕೆ ಗೊತ್ತುಮಾಡಿಸಿದ್ದೇನೆ. ಅಷ್ಟರಲ್ಲಿ ಸಂದರ್ಶನದ ಪತ್ರ ಬಂದರೆ ಮುಂದಕ್ಕೆ ಹಾಕಲು ಕೋರುವ ಕಾಗದವನ್ನು ಅವನು ಈಗಲೇ ಬರೆದಿಟ್ಟಿದ್ದಾನೆ, ದಿನಾಂಕ ತುಂಬುವುದಷ್ಟೇ ಬಾಕಿ. ಪ್ರಮಾಣವಚನವನ್ನು ಅವ್ವ ಆಸ್ಪತ್ರೆಯಿಂದ ಮನೆಗೆ ಬಂದು ಚೇತರಿಸಿಕೊಂಡ ಮೇಲೆಯೇ ತೆಗೆದುಕೊಳ್ಳುವುದೆಂದು ಇಬ್ಬರೂ ಮಾತನಾಡಿಕೊಂಡಿದ್ದೇವೆ.

ಪುಸ್ತಕವನ್ನು ನೋಡಿದೆ, 128 ಪ್ರಶ್ನೆಗಳದ್ದೇ ಇದೆ. ಹೊಲದ ವಿಷಯವನ್ನು ಅವ್ವನಿಗೆ ಹೇಳಿದಾಗ ಅವಳು ಕೇಶ್ವಾಪುರದ ಹಿರಿಯರ ಉತ್ತರವನ್ನು ಇನ್ನೊಮ್ಮೆ ಓದಿಸಿಕೊಂಡು ಕೇಳಿದಳು, ಆಮೇಲೆ ಟ್ರಂಕಿನಿಂದ ಉತಾರದ ಕಾಗದಗಳನ್ನು ತೆಗೆಯಿಸಿ ತಮ್ಮ ಬಂದಾಗ ತೋರಿಸಬೇಕೆಂದು ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಾಳೆ.